ಕೈಗೆ ಹಗುರ, ಟೊಂಗೆಗೆ ದುಪ್ಪಟ್ಟು: ಮರ ಇಳಿಸುವಾಗ ಹಗ್ಗ, ರಾಟೆಯ ಲೆಕ್ಕ

ಬಾವಿಯಿಂದ ನೀರು ಸೇದಿದವರಿಗೆ ರಾಟೆ ಹೊಸದಲ್ಲ. 15 ಕೆಜಿ ತೂಕದ ಕೊಡ ಮೇಲೆ ಬರಬೇಕಾದರೆ ಕೈ ಕೂಡ 15 ಕೆಜಿಯಷ್ಟು ಜಗ್ಗಬೇಕು. ಹಾಗಾದರೆ ರಾಟೆ ಕಟ್ಟಿದ ಅಡ್ಡತೊಲೆಯ ಮೇಲೆ ಎಷ್ಟು ಭಾರ? 15 ಎನ್ನುವವರೇ ಜಾಸ್ತಿ. ಆದರೆ ಉತ್ತರ 30. ಒಂದು ಕಡೆ ಕೊಡ ಕೆಳಗೆ ಎಳೆಯುತ್ತದೆ, ಇನ್ನೊಂದು ಕಡೆ ನೀವು ಎಳೆಯುತ್ತೀರಿ. ತೊಲೆ ಇಬ್ಬರನ್ನೂ ಹೊರಬೇಕು, ಅಲ್ವಾ?

ಈ ಲೆಕ್ಕ ಗೊತ್ತಿಲ್ಲದೆ ಕಲಬುರಗಿಯ ನಮ್ಮ ಮನೆಯ ಕಂಪೌಂಡ್ ಗೋಡೆ ಒಡೆಯಿತು. ಅಂಗಳದ ಬೇವಿನ ಮರ ಒಳಗೊಳಗೇ ಟೊಳ್ಳಾಗಿತ್ತು. ಕಡಿಯಲು ಬಂದವರು ದೊಡ್ಡ ಟೊಂಗೆಗೆ ಹಗ್ಗ ಕಟ್ಟಿ, ಅದನ್ನು ಮೇಲಿನ ಕವಲಿನ ಮೇಲೆ ಹಾಯಿಸಿ, ಕೆಳಗೆ ಮೂವರು ಹಿಡಿದು ನಿಂತರು. "ಹಗ್ಗ ಗಟ್ಟಿ ಅದ ರೀ ಅಣ್ಣಾ, ಏನೂ ಆಗಲ್ಲ" ಎಂದರು. ನಿಜ, ಹಗ್ಗಕ್ಕೆ ಏನೂ ಆಗಲಿಲ್ಲ. ಹಿಡಿದವರ ಕೈಯೂ ಜಾರಲಿಲ್ಲ. ಮುರಿದದ್ದು ಮೇಲಿನ ಕವಲು. ಟೊಂಗೆಯೂ ಕವಲೂ ಒಟ್ಟಿಗೆ ಗೋಡೆಯ ಮೇಲೆ ಬಿದ್ದವು. ಪುಣ್ಯಕ್ಕೆ ಬಿದ್ದ ಜಾಗದಲ್ಲಿ ಯಾರೂ ಇರಲಿಲ್ಲ, ನೆನೆದರೆ ಈಗಲೂ ಎದೆ ನಡುಗುತ್ತದೆ.

ಮರ ಹತ್ತುವ ಕೆಲಸ ಕಲಿತವರದ್ದು, ಅದನ್ನು ಅವರಿಗೇ ಬಿಡಿ. ಆದರೆ ಕೆಳಗೆ ನಿಂತು ಮಾಡಿಸುವ ನಮಗೂ ಈ ಲೆಕ್ಕ ಗೊತ್ತಿರಬೇಕು. ಅದಕ್ಕೂ ಮೊದಲು ಎರಡು ಮಾತು. ಮರ ಕಡಿಯಲು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ಅನುಮತಿ ಬೇಕೇ ಎಂದು ಅರಣ್ಯ ಇಲಾಖೆಯಲ್ಲಿ ವಿಚಾರಿಸಿ. ಹತ್ತಿರದಲ್ಲಿ ಕರೆಂಟ್ ತಂತಿ ಇದ್ದರೆ ಜೆಸ್ಕಾಂನವರು ಬಂದು ಲೈನ್ ಆಫ್ ಮಾಡುವವರೆಗೆ ಹಗ್ಗವನ್ನೇ ಎಸೆಯಬೇಡಿ.

ಮೊದಲು ತೂಕ

ಹಸಿ ಮರವನ್ನು ನೀರಿನಷ್ಟೇ ಭಾರ ಎಂದು ಹಿಡಿಯಿರಿ. ಆಗ ಒಂದು ಅಡಿ ದಪ್ಪದ ಕೊರಡು, ಪ್ರತಿ ಅಡಿ ಉದ್ದಕ್ಕೆ ಸುಮಾರು 22 ಕೆಜಿ ತೂಗುತ್ತದೆ. ನಾಲ್ಕು ಅಡಿಯ ತುಂಡು ಎಂದರೆ ಹತ್ತಿರ ಹತ್ತಿರ 90 ಕೆಜಿ. ದಪ್ಪ ಎರಡು ಪಟ್ಟಾದರೆ ತೂಕ ನಾಲ್ಕು ಪಟ್ಟಾಗುತ್ತದೆ. ಎರಡು ಅಡಿ ದಪ್ಪದ ಬೊಡ್ಡೆಯ ಒಂದೇ ಅಡಿ ತುಂಡು ಸುಮಾರು 88 ಕೆಜಿ! ಇಲ್ಲಿಯೇ ಕಣ್ಣು ಮೋಸ ಹೋಗುವುದು. ಹುಣಸೆ, ಜಾಲಿಯಂಥ ಗಟ್ಟಿ ಮರವಾದರೆ ಲೆಕ್ಕಕ್ಕೆ ಇನ್ನಷ್ಟು ಸೇರಿಸಿ. ಎಲೆ, ರೆಂಬೆ ಇದ್ದರೆ ಅದರದ್ದೂ ಬೇರೆ.

ಮೇಲಿನ ಜಾಗ ತಡೆಯುತ್ತದೆಯೇ?

ಈಗ 100 ಕೆಜಿ ಟೊಂಗೆಯನ್ನು ಮೇಲೆ ಕಟ್ಟಿದ ರಾಟೆಯಿಂದ ಇಳಿಸುತ್ತಿದ್ದೀರಿ ಎಂದುಕೊಳ್ಳಿ. ಹಗ್ಗದ ಎರಡೂ ಕಡೆ ನೇರ ಕೆಳಗೆ ಇಳಿದಿದ್ದರೆ ರಾಟೆ ಕಟ್ಟಿದ ಜಾಗಕ್ಕೆ 200 ಕೆಜಿ ಬೀಳುತ್ತದೆ. ಹಿಡಿದವರು ದೂರ ಸರಿದಂತೆ ಹಗ್ಗದ ಎರಡು ಎಳೆಗಳ ನಡುವಿನ ಕೋನ ಅಗಲವಾಗುತ್ತದೆ, ಭಾರ ಕಡಿಮೆಯಾಗುತ್ತದೆ. ಕೋನ 60 ಡಿಗ್ರಿ ಆದರೆ 173 ಕೆಜಿ, 90 ಆದರೆ 141, 120 ಆದರೆ 100.

ಹಾಗಾದರೆ ದೂರ ನಿಂತರೆ ಒಳ್ಳೆಯದೇ? ಅಷ್ಟು ಸರಳವಲ್ಲ. ಬಲ ಬೀಳುವುದು ಆ ಎರಡು ಎಳೆಗಳ ಸರಿಯಾಗಿ ನಡುವಿನ ದಿಕ್ಕಿಗೆ. ನೇರ ಕೆಳಗೆ ಒತ್ತಿದರೆ ನಿಂತ ಬೊಡ್ಡೆ ಚೆನ್ನಾಗಿ ತಡೆಯುತ್ತದೆ. ಪಕ್ಕಕ್ಕೆ ಬಾಗಿಸಿದರೆ ತಡೆಯುವುದಿಲ್ಲ, ಟೊಳ್ಳಾದ ಮರವಂತೂ ಅಲ್ಲಿಯೇ ಸೀಳುತ್ತದೆ. ಆದ್ದರಿಂದ ರಾಟೆಯನ್ನು ಮುಖ್ಯ ಬೊಡ್ಡೆಗೇ ಒತ್ತಿ ಕಟ್ಟಿಸಿ. ಹಗ್ಗ ಬೊಡ್ಡೆಯ ಗುಂಟ ಕೆಳಗಿಳಿಯಲಿ. ಅಡ್ಡ ಚಾಚಿದ ಟೊಂಗೆಯ ತುದಿಗೆ ರಾಟೆ ಬೇಡವೇ ಬೇಡ.

ರಾಟೆ ಬಿಟ್ಟು ಕವಲಿನ ಮೇಲೆಯೇ ಹಗ್ಗ ಹಾಯಿಸಿದರೆ ತೊಗಟೆಯ ಘರ್ಷಣೆ ಸ್ವಲ್ಪ ಭಾರ ಹಿಡಿದುಕೊಳ್ಳುತ್ತದೆ. 100 ಕೆಜಿಗೆ ಕೆಳಗಿನವರು 50 ಹಿಡಿದರೆ ಸಾಕಾಗಬಹುದು. ಆಗಲೂ ಕವಲಿನ ಮೇಲೆ 150 ಇದ್ದೇ ಇದೆ. ಘರ್ಷಣೆ ಎಷ್ಟು ಎಂದು ಮೊದಲೇ ಹೇಳಲು ಬರುವುದಿಲ್ಲ, ಹಗ್ಗವೂ ಸವೆಯುತ್ತದೆ.

ಬೊಡ್ಡೆಗೆ ಸುತ್ತು

ಹಗ್ಗವನ್ನು ಬರೀ ಕೈಯಲ್ಲಿ ಹಿಡಿಯಬಾರದು. ಪಕ್ಕದ ಮನೆಯ ಕಾಕಾ ಅಂದೇ ಹೇಳಿದ್ದರು: "ಎತ್ತು ಹಿಡಿಲಿಕ್ಕ ಗೂಟಕ್ಕ ಎರಡು ಸುತ್ತು ಸಾಕು." 18ನೇ ಶತಮಾನದ ಗಣಿತಜ್ಞ ಲಿಯೊನಾರ್ಡ್ ಆಯ್ಲರ್ ಲೆಕ್ಕ ಹಾಕಿ ತೋರಿಸಿದ್ದೂ ಇದನ್ನೇ. ಪ್ರತಿ ಸುತ್ತಿಗೂ ಬೇಕಾದ ಬಲ ಅಷ್ಟಷ್ಟೇ ಕಳೆಯುತ್ತ ಹೋಗುವುದಿಲ್ಲ, ಭಾಗಿಸುತ್ತ ಹೋಗುತ್ತದೆ. ಘರ್ಷಣೆಯ ಗುಣಾಂಕ, ಅಂದರೆ ಹಗ್ಗ ತೊಗಟೆಗೆ ಎಷ್ಟು ಕಚ್ಚಿ ಹಿಡಿಯುತ್ತದೆ ಎನ್ನುವ ಅಳತೆ, 0.25 ಎಂದು ಹಿಡಿದರೆ, 200 ಕೆಜಿ ಎಳೆತವನ್ನು ಒಂದು ಪೂರ್ತಿ ಸುತ್ತಿನ ನಂತರ ಸುಮಾರು 42 ಕೆಜಿಯಲ್ಲಿ ತಡೆಯಬಹುದು. ಎರಡು ಸುತ್ತಿಗೆ 9 ಕೆಜಿ. ಮೂರಕ್ಕೆ 2 ಕೆಜಿಗೂ ಕಡಿಮೆ. ಬುಡದಲ್ಲಿ ಎರಡು ಸುತ್ತು ಹಾಕಿ ಸ್ವಲ್ಪ ಸ್ವಲ್ಪ ಸಡಿಲ ಬಿಟ್ಟರೆ ಒಬ್ಬರೇ ಟೊಂಗೆಯನ್ನು ನಿಧಾನಕ್ಕೆ ಇಳಿಸಬಹುದು.

ಆದರೆ ದಯವಿಟ್ಟು ಇದನ್ನು ಗಮನಿಸಿ. ಸುತ್ತು ಹಾಕಿದ್ದರಿಂದ ಹಗುರವಾದದ್ದು ನಿಮ್ಮ ಕೈಗೆ ಮಾತ್ರ. ಬುಡದಿಂದ ರಾಟೆಯವರೆಗಿನ ಹಗ್ಗದಲ್ಲಿ ಪೂರ್ತಿ ಎಳೆತ ಹಾಗೆಯೇ ಇದೆ. ರಾಟೆಯ ಮೇಲೆ ಅದೇ ದುಪ್ಪಟ್ಟು ಭಾರ. ಕೈಗೆ ಆರಾಮ ಎನಿಸಿತು ಎಂದು ಇನ್ನೂ ದೊಡ್ಡ ತುಂಡು ಕಡಿಯಲು ಹೇಳುತ್ತೇವಲ್ಲ, ಮೇಲಿನ ಕಟ್ಟು ಮುರಿಯುವುದು ಆಗಲೇ.

ಜಗ್ಗಿ ನಿಲ್ಲಿಸಬೇಡಿ, ಜಾರಿಸಿ ನಿಲ್ಲಿಸಿ

ಇಲ್ಲಿಯವರೆಗಿನದು ನಿಂತ ಭಾರದ ಮಾತು. ಬೊಡ್ಡೆಯ ತುದಿಯನ್ನೇ ಕಡಿಯುವಾಗ ರಾಟೆ ತುಂಡಿಗಿಂತ ಕೆಳಗಿರುತ್ತದೆ. ತುಂಡು ಮೊದಲು ಬೀಳುತ್ತದೆ, ಆಮೇಲೆ ಹಗ್ಗ ಬಿಗಿಯುತ್ತದೆ. 100 ಕೆಜಿ ತುಂಡು 3 ಅಡಿ ಬಿದ್ದು, ಹಗ್ಗ ಅದನ್ನು 1 ಅಡಿಯೊಳಗೆ ನಿಲ್ಲಿಸಿದರೆ ಹಗ್ಗದ ಮೇಲೆ ಸರಾಸರಿ 400 ಕೆಜಿ ಬೀಳುತ್ತದೆ. ಹಗ್ಗ ರಬ್ಬರಿನಂತೆ ಹಿಗ್ಗಿ ನಿಲ್ಲಿಸುವುದರಿಂದ ಕೊನೆಯ ಕ್ಷಣದ ಎಳೆತ 800ರವರೆಗೂ ಹೋಗಬಹುದು. ಮೇಲೆ ರಾಟೆಗೆ ಅದರ ದುಪ್ಪಟ್ಟು, ಅಂದರೆ 1600! ಅದೇ ತುಂಡನ್ನು ಬುಡದ ಸುತ್ತಿನಲ್ಲಿ ಒಂದೇ ಸಮನೆ ಜಾರಿಸುತ್ತ 6 ಅಡಿಯಲ್ಲಿ ನಿಲ್ಲಿಸಿದರೆ ಹಗ್ಗದ ಮೇಲೆ 150 ಕೆಜಿ ಅಷ್ಟೇ. ಹಗ್ಗ ಬಿಡುವವರ ಕೈಯ ಹದ ಎಷ್ಟು ದೊಡ್ಡದು ನೋಡಿ. ಕೆಳಗೆ ಜಾರಿಸಲು ಜಾಗವಿಲ್ಲದಿದ್ದರೆ ತುಂಡು ಸಣ್ಣದು ಮಾಡಿ, ಬೇರೆ ದಾರಿ ಇಲ್ಲ.

ಇನ್ನು ಹಗ್ಗ. ಗಂಟು ಹಾಕಿದ ಕೂಡಲೇ ಅದರ ಬಲ ಮೂರನೇ ಒಂದು ಭಾಗದಿಂದ ಅರ್ಧದವರೆಗೆ ಕುಸಿಯಬಹುದು. 2000 ಕೆಜಿಗೆ ಹರಿಯುವ ಹಗ್ಗಕ್ಕೆ 200 ಕೆಜಿಗಿಂತ ಹೆಚ್ಚು ಕೊಡಬೇಡಿ. ಗೂಡ್ಸ್ ಗಾಡಿಗೆ ಕಟ್ಟುವ ಅಗ್ಗದ ಪ್ಲಾಸ್ಟಿಕ್ ಹಗ್ಗ ಬೊಡ್ಡೆಯ ಸುತ್ತಿನಲ್ಲಿ ಉಜ್ಜಿ ಬಿಸಿಯಾಗಿ ಕರಗುತ್ತದೆ. ನಮ್ಮ ಬಿಸಿಲಿನಲ್ಲಿ ವರ್ಷಗಟ್ಟಲೆ ಬಿದ್ದದ್ದಾದರೆ ಅದನ್ನು ಮುಟ್ಟುವುದೇ ಬೇಡ.

ಉಳಿದ ಬೊಡ್ಡೆಯನ್ನು ಜಗ್ಗುವಾಗ

ಮೇಲಿನ ರಾಟೆ ಬರೀ ದಿಕ್ಕು ಬದಲಿಸುತ್ತದೆ, ಬಲ ಉಳಿಸುವುದಿಲ್ಲ. ಬಲ ಉಳಿಸುವುದು ಭಾರದ ಜೊತೆ ಚಲಿಸುವ ರಾಟೆ. ಬೊಡ್ಡೆಗೆ ಕಟ್ಟಿದ ಹಗ್ಗದ ತುದಿಗೆ ರಾಟೆ ಹಾಕಿ. ಇನ್ನೊಂದು ಹಗ್ಗದ ಒಂದು ತುದಿಯನ್ನು ದೂರದ ಗಟ್ಟಿ ಮರದ ಬುಡಕ್ಕೆ ಕಟ್ಟಿ, ಆ ರಾಟೆಯಲ್ಲಿ ತೂರಿಸಿ ವಾಪಸ್ ಜಗ್ಗಿ. 50 ಕೆಜಿ ಜಗ್ಗಿದರೆ ಬೊಡ್ಡೆಗೆ ಹತ್ತಿರ ಹತ್ತಿರ 100 ಕೆಜಿ ಸಿಗುತ್ತದೆ. ಪ್ರತಿಯಾಗಿ ಒಂದು ಅಡಿಗೆ ಎರಡು ಅಡಿ ಹಗ್ಗ ಎಳೆಯಬೇಕು. ಬೊಡ್ಡೆಗೆ ಹಗ್ಗವನ್ನು ಎತ್ತರದಲ್ಲಿ ಕಟ್ಟಿ. ಎತ್ತರ ದುಪ್ಪಟ್ಟಾದರೆ ಬೀಳಿಸುವ ಬಲವೂ ದುಪ್ಪಟ್ಟು.

ಆಧಾರಕ್ಕೆ ಗೂಟ ಹೊಡೆಯುವವರಿಗೆ ಒಂದು ಮಾತು. ಕಲಬುರಗಿ, ಯಾದಗಿರಿಯ ಎರೆಮಣ್ಣು ಬೇಸಿಗೆಯಲ್ಲಿ ಬಿರಿಯುತ್ತದೆ, ಮಳೆಗೆ ಉಬ್ಬಿ ಮೆತ್ತಗಾಗುತ್ತದೆ. ಎರಡೂ ಕಾಲದಲ್ಲಿ ಗೂಟ ಕಿತ್ತು ಬರುವ ಭಯ ಇದೆ. ಬೀದರ್‌ನ ಜಂಬಿಟ್ಟಿಗೆ ನೆಲದಲ್ಲಿ ಗೂಟವೇ ಇಳಿಯುವುದಿಲ್ಲ. ಎಲ್ಲ ಕಡೆಯೂ ಬದುಕಿರುವ ದಪ್ಪ ಮರದ ಬುಡವೇ ಒಳ್ಳೆಯದು. ಜಗ್ಗುವವರು ಮರದ ಎತ್ತರಕ್ಕಿಂತ ಚೆನ್ನಾಗಿ ದೂರ ಇರಬೇಕು. ಹಗ್ಗ ರಾಟೆಯಲ್ಲಿ ತಿರುಗಿ ಕೋನ ಮಾಡುತ್ತದಲ್ಲ, ಆ ಕೋನದ ಒಳಗಡೆ ಯಾರೂ ನಿಲ್ಲಬಾರದು. ಕಟ್ಟು ಹರಿದರೆ ರಾಟೆ ಕವಣೆ ಕಲ್ಲಿನಂತೆ ಅದೇ ಕಡೆಗೆ ಹಾರಿ ಬರುತ್ತದೆ.

ನಮ್ಮ ಬೇವಿನ ಮರದ ಉಳಿದ ಭಾಗವನ್ನು ಬೇರೆಯವರು ಬಂದು ಎರಡೆರಡು ಅಡಿ ತುಂಡು ಮಾಡಿ ಇಳಿಸಿದರು. ಮೊದಲ ದಿನದ ಹಗ್ಗವನ್ನು ಅವರು ಮುಟ್ಟಲಿಲ್ಲ. ಒಮ್ಮೆ ಜೋರಾಗಿ ಝಾಡಿಸಿಕೊಂಡ ಹಗ್ಗ ಹೊರಗೆ ಸರಿಯಾಗಿ ಕಂಡರೂ ಒಳಗೆ ಎಳೆ ಹರಿದಿರಬಹುದು ಎಂದು ಹೇಳಿ, ಅದನ್ನು ತುಂಡು ತುಂಡು ಮಾಡಿ ಸೌದೆ ಕಟ್ಟಲು ಕೊಟ್ಟರು.