ದಿನ ತುಂಬುವ ಮುಂಚೆ: ಹತ್ತು ತೊಗರಿ ಕಾಳು, ಒಂದು ಚೀಲ

ನಮ್ಮ ಕಲಬುರಗಿ ಕಡೆ ಚೊಚ್ಚಲ ಹೆರಿಗೆ ಅಂದರೆ ತವರಿನಲ್ಲೇ. ಕುಬಸ ಮುಗಿಸಿ, ಹಸಿರು ಸೀರೆ, ಹಸಿರು ಬಳೆಯಲ್ಲಿ ಮಗಳನ್ನು ಕರೆದುಕೊಂಡು ಬರುತ್ತಾರೆ. ಬಂದ ಮೇಲೆ ಉಪಚಾರಕ್ಕೆ ಏನೂ ಕಡಿಮೆ ಇರುವುದಿಲ್ಲ. ಆದರೆ "ಬ್ಯಾನಿ ಎದ್ರ ಯಾವ ದವಾಖಾನಿಗೆ ಹೋಗೋದು?" ಅಂತ ಕೇಳಿ ನೋಡಿ. ಬಹಳ ಮನೆಗಳಲ್ಲಿ "ಆವಾಗ ನೋಡೂಣು" ಅನ್ನುತ್ತಾರೆ.

ನನ್ನ ಚೊಚ್ಚಲ ಹೆರಿಗೆಯಲ್ಲಿ ಹಾಗೇ ಆಯಿತು. ರಾತ್ರಿ ಬೇನೆ ಶುರುವಾದಾಗ, ಕಾಕಾ ಬಂದು ಹೇಳಲಿ ಅಂತ ಎರಡು ತಾಸು ಕಾದರು. ದೇವರ ದಯೆ, ಏನೂ ಆಗಲಿಲ್ಲ. ಹೋದ ಬೇಸಿಗೆಯಲ್ಲಿ ಅಕ್ಕನ ಮಗಳು ಹೆರಿಗೆಗೆ ಬಂದಾಗ ಮಾತ್ರ ನಾನು ಹಟ ಹಿಡಿದೆ. ಎಲ್ಲಾ ಹಗಲು ಹೊತ್ತಿನಲ್ಲಿ, ಅವಳ ಎದುರಿಗೇ ಕೂತು, ಮೊದಲೇ ಗೊತ್ತು ಮಾಡಿಕೊಂಡೆವು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ತವರಿಗೆ ಬರುವುದು ಯಾವಾಗ, ಹೇಗೆ

ದಾರಿ ದೂರ ಇದ್ದರೆ ಒಂಬತ್ತನೇ ತಿಂಗಳ ಕೊನೆಯವರೆಗೆ ಕಾಯಬೇಡಿ. 37 ವಾರ ಆದರೆ ಕೂಸು ಯಾವಾಗ ಬೇಕಾದರೂ ಬರಬಹುದು. ಡಾಕ್ಟರು ಬರೆದುಕೊಟ್ಟ ತಾರೀಖು 40 ವಾರದ ಲೆಕ್ಕದ್ದು. ಸರಿಯಾಗಿ ಅದೇ ದಿನ ಹೆರುವವರು ಕಡಿಮೆ. ಪ್ರಯಾಣಕ್ಕೆ ಮುಂಚೆ ಡಾಕ್ಟರನ್ನು ಒಂದು ಮಾತು ಕೇಳಿ.

ಗಂಡನ ಮನೆಯಿಂದ ತಾಯಿ ಕಾರ್ಡ್, ಸ್ಕ್ಯಾನಿಂಗ್ ರಿಪೋರ್ಟ್, ರಕ್ತ ಪರೀಕ್ಷೆಯ ಚೀಟಿ ಎಲ್ಲಾ ಜೊತೆಗೇ ಬರಬೇಕು. ಸೀರೆ ಒಂದು ಮರೆತರೆ ನಡೆಯುತ್ತದೆ, ತಾಯಿ ಕಾರ್ಡ್ ಮರೆತರೆ ನಡೆಯುವುದಿಲ್ಲ. ಅವಳ ಬಿಪಿ, ಹಿಮೋಗ್ಲೋಬಿನ್, ರಕ್ತದ ಗುಂಪು ಎಲ್ಲಾ ಅದರಲ್ಲೇ ಇರುತ್ತದೆ. ಬಂದ ವಾರದಲ್ಲೇ ತವರಿನ ಆಶಾ ಕಾರ್ಯಕರ್ತೆಗೆ ತಿಳಿಸಿ. ಹೆರಿಗೆ ಎಲ್ಲಿ ಅಂತ ಗೊತ್ತು ಮಾಡಿದಿರೋ ಆ ದವಾಖಾನೆಗೆ ಒಮ್ಮೆ ಹೋಗಿ ತೋರಿಸಿಕೊಂಡು ಬನ್ನಿ. ಹೆರಿಗೆ ವಾರ್ಡ್ ಯಾವ ಕಡೆ, ರಾತ್ರಿ ಯಾವ ಬಾಗಿಲು ತೆರೆದಿರುತ್ತದೆ ಅಂತ ಅವಳೂ ಕಣ್ಣಾರೆ ನೋಡಲಿ. ಗೊತ್ತಿಲ್ಲದ ಜಾಗಕ್ಕೆ ಮೊದಲ ಸಲ ಬೇನೆ ತಿನ್ನುತ್ತಾ ಹೋಗುವ ಹೆದರಿಕೆ ಸಣ್ಣದಲ್ಲ. ಕೊನೆಯ ತಿಂಗಳು ಸಾಮಾನ್ಯವಾಗಿ ವಾರಕ್ಕೊಮ್ಮೆ ತಪಾಸಣೆ ಇರುತ್ತದೆ. ಪ್ರತಿ ತಿಂಗಳ 9ನೇ ತಾರೀಖು ಸರ್ಕಾರಿ ದವಾಖಾನೆಗಳಲ್ಲಿ ಬಸುರಿಯರಿಗೆಂದೇ ಉಚಿತ ತಪಾಸಣೆ ನಡೆಯುತ್ತದೆ.

ಬಿಸಿಲು, ನೀರು, ಊಟ

ಏಪ್ರಿಲ್, ಮೇ ತಿಂಗಳಲ್ಲಿ ನಮ್ಮಲ್ಲಿ ಬಿಸಿಲು 42 ಡಿಗ್ರಿ ದಾಟುತ್ತದೆ. ನೀರು ಕಡಿಮೆ ಆದರೂ ಹೊಟ್ಟೆ ಗಟ್ಟಿಯಾಗಿ ಹಿಡಿದಂತಾಗುತ್ತದೆ. ಅದನ್ನೇ ಬೇನೆ ಅಂದುಕೊಂಡು ಗಾಬರಿಯಾಗುವವರಿದ್ದಾರೆ. ಮೇಲಿಂದ ಮೇಲೆ ಮೂತ್ರಕ್ಕೆ ಏಳಬೇಕು ಅಂತ ನೀರು ಬಿಡಬೇಡಿ. ಗಡಿಗೆ ನೀರು, ಮಜ್ಜಿಗೆ, ಜೋಳದ ಅಂಬಲಿ ಕೈಗೆ ಸಿಗುವಂತೆ ಇರಲಿ. ರಾತ್ರಿ ಸೆಕೆ ಅಂತ ಮಾಳಿಗೆ ಮೇಲೆ ಮಲಗುವ ರೂಢಿ ನಮ್ಮದು. ಆದರೆ ಕತ್ತಲಲ್ಲಿ ಆ ಕಡಿದಾದ ಮೆಟ್ಟಿಲು ಇಳಿಯುವುದು ಈಗ ಬೇಡ. ಅಂಗಳದಲ್ಲೇ ಹೊರಸು ಹಾಕಿಕೊಡಿ.

ಊಟದಲ್ಲಿ ಹೊಸದೇನೂ ಬೇಡ. ರೊಟ್ಟಿ, ತೊಗರಿ ಬೇಳೆ, ತಪ್ಪಲು ಪಲ್ಯ, ಹೆಸರು ಕಾಳು, ಶೇಂಗಾ ಹಿಂಡಿ ಸಾಕು. ಹೊಟ್ಟೆ ಮೇಲಕ್ಕೆ ಒತ್ತುವುದರಿಂದ ಒಂದೇ ಸಲ ಜಾಸ್ತಿ ತಿನ್ನಲು ಆಗುವುದಿಲ್ಲ. ಸ್ವಲ್ಪ ಸ್ವಲ್ಪವಾಗಿ ಐದಾರು ಸಲ ತಿನ್ನಲಿ. ಇಲ್ಲಿ ನಾವು ಮಾಡುವ ತಪ್ಪೊಂದಿದೆ. ಉಂಡ ಕೂಡಲೇ ಚಹಾ ಕುಡಿಯುತ್ತೇವೆ. ಚಹಾ ಕುಡಿದರೆ ಊಟದಲ್ಲಿನ, ಗುಳಿಗೆಯಲ್ಲಿನ ಕಬ್ಬಿಣ ಮೈಗೆ ಸರಿಯಾಗಿ ಹತ್ತುವುದಿಲ್ಲ. ಒಂದು ತಾಸಾದರೂ ಬಿಡಿ. ಕಬ್ಬಿಣದ ಗುಳಿಗೆ, ಕ್ಯಾಲ್ಸಿಯಂ ಗುಳಿಗೆ ಒಟ್ಟಿಗೆ ನುಂಗಬಾರದು, ಎರಡಕ್ಕೂ ಬೇರೆ ಬೇರೆ ಹೊತ್ತು. ಬಸುರಿಗೆ ಹಿಮೋಗ್ಲೋಬಿನ್ 11ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ ಅಂತ ಲೆಕ್ಕ. ಹೆರಿಗೆಯಲ್ಲಿ ರಕ್ತ ಹೋಗುವುದು ಇದ್ದೇ ಇರುತ್ತದೆ, ಅದಕ್ಕೇ ಕೊನೆಯ ವಾರಗಳಲ್ಲಿ ಗುಳಿಗೆ ತಪ್ಪಿಸಬಾರದು.

ಹತ್ತು ಕಾಳು

ಈ ಲೇಖನದಲ್ಲಿ ಒಂದೇ ಒಂದು ವಿಷಯ ನೆನಪಿಡುವುದಾದರೆ ಇದನ್ನು ಇಟ್ಟುಕೊಳ್ಳಿ.

ದಿನಾ ಊಟ ಆದ ಮೇಲೆ ಎಡ ಮಗ್ಗುಲಿಗೆ ಮಲಗಬೇಕು. ಪಕ್ಕದಲ್ಲಿ ಎರಡು ಬಟ್ಟಲು. ಒಂದರಲ್ಲಿ ಹತ್ತು ತೊಗರಿ ಕಾಳು, ಇನ್ನೊಂದು ಖಾಲಿ. ಕೂಸು ಒದ್ದರೆ, ಹೊರಳಿದರೆ ಒಂದು ಕಾಳು ಆ ಕಡೆ. ಎರಡು ತಾಸಿನೊಳಗೆ ಹತ್ತೂ ಕಾಳು ದಾಟಬೇಕು. ಬಹಳ ಕೂಸುಗಳು ಅದಕ್ಕಿಂತ ಎಷ್ಟೋ ಬೇಗ ದಾಟಿಸುತ್ತವೆ. ದಿನ ತುಂಬಿದ ಮೇಲೆ ಕೂಸು ಹೊರಳುವುದು ಕಡಿಮೆಯಾಗುತ್ತದೆ ಅನ್ನುವ ಮಾತು ಎಲ್ಲಾ ಕಡೆ ಇದೆ. ಅದು ಸುಳ್ಳು. ಜಾಗ ಸಾಲದೆ ಒದೆತದ ರೀತಿ ಬದಲಾಗಬಹುದು, ಹೊರಳಾಟ ನಿಲ್ಲಬಾರದು.

ಎರಡು ತಾಸಿನಲ್ಲಿ ಹತ್ತು ಆಗದಿದ್ದರೆ, ಅಥವಾ ದಿನದ ರೂಢಿಗಿಂತ ಬಹಳ ಕಡಿಮೆ ಅನ್ನಿಸಿದರೆ, ಅದೇ ಹೊತ್ತಿಗೆ ದವಾಖಾನೆಗೆ ಹೋಗಿ. ನಾಳೆ ಬೆಳಿಗ್ಗೆ ಅಲ್ಲ. ಅಕ್ಕನ ಮಗಳು ಒಂದು ಸಂಜೆ "ಚಿಗವ್ವ, ಕೂಸು ಸುಮ್ನ ಅದ" ಅಂದಳು. ಮನೆಯಲ್ಲಿ ಹಿರಿಯರು "ಮಲಗಿರಬೇಕು ಬಿಡವಾ" ಅಂದರು. ನಾವು ಆಟೋ ಹಿಡಿದು ಹೋದೆವು. ಕೂಸಿನ ಎದೆಬಡಿತ ಚೆನ್ನಾಗಿತ್ತು, ಅರ್ಧ ತಾಸಿನಲ್ಲಿ ಒದೆಯತೊಡಗಿತು. ಸುಮ್ನೆ ಹೋಗಿ ಬಂದೆವು ಅಂತ ನನಗೆ ಒಂದು ಕ್ಷಣವೂ ಅನ್ನಿಸಲಿಲ್ಲ. ಹೊಟ್ಟೆ ಅವಳದು, ಗೊತ್ತಾಗುವುದು ಅವಳಿಗೇ ಅಲ್ವಾ?

ಚೀಲ, ಗಾಡಿ, ಜನ

36ನೇ ವಾರಕ್ಕೆ ಚೀಲ ಕಟ್ಟಿ ಬಾಗಿಲ ಹತ್ತಿರ ಇಡಿ. ತಾಯಿ ಕಾರ್ಡ್, ಆಧಾರ್, ಬ್ಯಾಂಕ್ ಪಾಸ್‌ಬುಕ್, ರೇಷನ್ ಕಾರ್ಡಿನ ಝೆರಾಕ್ಸ್ ಒಂದು ಪ್ಲಾಸ್ಟಿಕ್ ಕವರಿನಲ್ಲಿ. ಮುಂದೆ ಗುಂಡಿ ಇರುವ ಎರಡು ನೈಟಿ, ದೊಡ್ಡ ಪ್ಯಾಡು, ಚರಗಿ, ನೀರಿನ ಬಾಟಲಿ, ಫೋನಿನ ಚಾರ್ಜರ್. ಕೂಸಿಗೆ ತೊಳೆದು ಬಿಸಿಲಿಗೆ ಒಣಗಿಸಿದ ಮೆತ್ತನೆಯ ಹಳೆ ಧೋತರದ ತುಂಡುಗಳು, ಕುಲಾಯಿ, ಅಜ್ಜಿಯ ಸೀರೆಯಿಂದ ಹೊಲಿದ ಸಣ್ಣ ಕೌದಿ. ಕೌದಿಯನ್ನೂ ತೊಳೆದೇ ಇಡಿ.

108 ಆಂಬುಲೆನ್ಸ್ ಉಚಿತ. ಆದರೂ ಓಣಿಯಲ್ಲಿ ಗಾಡಿ ಇರುವ ಇಬ್ಬರ ನಂಬರ್ ಗೋಡೆ ಮೇಲೆ ಬರೆದಿಡಿ. ಅವಳ ರಕ್ತದ ಗುಂಪಿನವರು ಮನೆತನದಲ್ಲಿ ಯಾರಿದ್ದಾರೆ, ಈಗಲೇ ಕೇಳಿಟ್ಟುಕೊಳ್ಳಿ. ಆಪರೇಷನ್ ಬೇಕಾದರೆ ಏನು ಅನ್ನುವ ಮಾತನ್ನೂ ಮೊದಲೇ ಆಡಿ. ಸಹಿ ಅವಳೇ ಮಾಡಬಹುದು. ದವಾಖಾನೆಯವರು ಮನೆಯವರ ಸಹಿಯನ್ನೂ ಕೇಳುವುದುಂಟು, ಆ ಒಬ್ಬರು ಯಾರು ಅಂತ ಗೊತ್ತಿರಲಿ. ಸರ್ಕಾರಿ ದವಾಖಾನೆಯಲ್ಲಿ ಹೆರಿಗೆ, ಆಪರೇಷನ್, ಔಷಧಿ, ರಕ್ತ, ಊಟ ಎಲ್ಲಾ ಉಚಿತ. ಮನೆಗೆ ಬಿಡಲು ನಗು-ಮಗು ಗಾಡಿಯೂ ಇದೆ.

ಬೇನೆ ಹೌದೋ ಅಲ್ಲವೋ

ಹುಸಿ ಬೇನೆ ಹೊತ್ತುಗೊತ್ತಿಲ್ಲದೆ ಬಂದು, ನೀರು ಕುಡಿದು ಮಗ್ಗುಲು ಬದಲಿಸಿದರೆ ತಣ್ಣಗಾಗುತ್ತದೆ. ನಿಜವಾದ ಬೇನೆ ತಣ್ಣಗಾಗುವುದಿಲ್ಲ, ಹೊತ್ತು ಕಳೆದಂತೆ ಹತ್ತಿರ ಹತ್ತಿರ ಬರುತ್ತದೆ, ಜೋರಾಗುತ್ತದೆ. ಗಡಿಯಾರ ನೋಡಿ ಬರೆದಿಡಿ. ಐದು ನಿಮಿಷಕ್ಕೊಮ್ಮೆ ಬಂದು, ಒಂದು ನಿಮಿಷ ಇದ್ದು, ಒಂದು ತಾಸು ಹಾಗೇ ನಡೆದರೆ ಹೊರಡಿ. ಇದು ಊರಲ್ಲೇ ಇರುವವರ ಲೆಕ್ಕ. ಚಿಂಚೋಳಿ, ಅಫಜಲಪುರ ಕಡೆಯ ಹಳ್ಳಿಯಿಂದ ಕಲಬುರಗಿಗೆ ಬರಬೇಕಾದವರು ಅಷ್ಟು ಕಾಯಬಾರದು.

ಬೇನೆ ಇಲ್ಲದಿದ್ದರೂ ತಡ ಮಾಡಬಾರದ ಸಂಗತಿಗಳಿವೆ. ನೀರು ಒಡೆದರೆ ಹೊರಡಬೇಕು, ನೀರು ಹಸಿರು ಬಣ್ಣದ್ದಾಗಿದ್ದರೆ ಇನ್ನೂ ಬೇಗ. ರಕ್ತ ಹೋದರೆ, ತಲೆ ಸಿಡಿಯುತ್ತಾ ಕಣ್ಣು ಮಂಜಾದರೆ, ಮುಖ ಕೈ ಬಾತರೆ, ಜ್ವರ ಬಂದರೆ, ಫಿಟ್ಸ್ ಬಂದರೆ ಒಂದು ನಿಮಿಷವೂ ಕಾಯಬೇಡಿ. ಡಾಕ್ಟರು ಕೊಟ್ಟ ತಾರೀಖು ದಾಟಿದರೂ ಮನೆಯಲ್ಲಿ ಕೂರದೆ ತೋರಿಸಿ.

ಜೊತೆಗೆ ಹೋಗುವವರಿಗೆ ಒಂದು ಕೆಲಸ ಉಳಿದಿದೆ. ಹುಟ್ಟಿದ ಒಂದು ತಾಸಿನೊಳಗೆ ಕೂಸಿಗೆ ಎದೆಹಾಲು ಸಿಗಬೇಕು. ಹಳದಿಯಾಗಿ ಗಟ್ಟಿ ಬರುವ ಆ ಮೊದಲ ಹಾಲನ್ನು ಹಿಂಡಿ ಚೆಲ್ಲುವವರು ಇವತ್ತಿಗೂ ಇದ್ದಾರೆ. ಜೇನು, ಸಕ್ಕರೆ ನೀರು ನೆಕ್ಕಿಸುವವರೂ ಇದ್ದಾರೆ. ಎರಡೂ ಬೇಡ ಅಂತ ಅವ್ವ, ಅತ್ತಿ ಇಬ್ಬರಿಗೂ ಈಗಲೇ ಹೇಳಿಡಿ. ಹೆತ್ತು ಸುಸ್ತಾದ ಹುಡುಗಿ ಆಗ ವಾದ ಮಾಡುವ ಸ್ಥಿತಿಯಲ್ಲಿ ಇರುವುದಿಲ್ಲ.