ಐಪ್ಟೇಸಿಯಾ: ಬುಡ ಸಾಯುವವರೆಗೂ ಕೆಲಸ ಮುಗಿದಿಲ್ಲ

ಐಪ್ಟೇಸಿಯಾ ಎಂದರೆ ಹವಳ ಸಾಕುವ ಉಪ್ಪುನೀರಿನ ಟ್ಯಾಂಕಿನಲ್ಲಿ ಕಳೆಯಂತೆ ಹಬ್ಬುವ ಅನಿಮೋನ್, ಕಲ್ಲಿಗಂಟಿ ಬದುಕುವ ಹೂವಿನಂಥ ಕಡಲ ಜೀವಿ. ಅದನ್ನು ಕೀಳಲು ಹೋಗಬೇಡಿ. ಬ್ಲೇಡಿನಿಂದ ಹೆರೆಯುವುದು, ಬ್ರಷ್ಷಿನಿಂದ ಉಜ್ಜುವುದು, ಚಿಮಟದಲ್ಲಿ ಹಿಡಿದು ಎಳೆಯುವುದು, ಮೂರೂ ಅದನ್ನು ಹೆಚ್ಚಿಸುವ ದಾರಿಗಳೇ. ಅದರ ಬುಡದಿಂದ ಹರಿದು ಕಲ್ಲಿಗಂಟಿಕೊಂಡು ಉಳಿದ ಸಾಸಿವೆ ಕಾಳಿಗಿಂತ ಸಣ್ಣ ಚೂರೂ ಹೊಸ ಅನಿಮೋನ್ ಆಗಿ ಬೆಳೆಯುತ್ತದೆ. ಯಾರೂ ಮುಟ್ಟದಿದ್ದರೂ ಅದು ಕಲ್ಲಿನ ಮೇಲೆ ಮೆಲ್ಲಗೆ ಜರುಗುತ್ತ ಇಂಥ ಚೂರುಗಳನ್ನು ತಾನೇ ಬಿಟ್ಟು ಹೋಗುತ್ತದೆ. ಬಾಳೆ ಬುಡದಲ್ಲಿ ಕಂದು ಏಳುವ ಹಾಗೆ ದೊಡ್ಡದರ ಸುತ್ತ ಮರಿಗಳು ಕಾಣುವುದು ಇದರಿಂದಲೇ.

ಮೊದಲು ಗುರುತು ಖಚಿತವಾಗಲಿ. ಐಪ್ಟೇಸಿಯಾಕ್ಕೆ ಉದ್ದನೆಯ ಕಾಂಡ, ತುದಿ ಚೂಪಾದ ತೆಳು ಎಳೆಗಳು, ಗಾಜಿನಂಥ ಕಂದು ಬಣ್ಣ. ನೆರಳು ಬಿದ್ದರೂ ಸಾಕು, ಕಲ್ಲಿನ ತೂತಿನೊಳಗೆ ಸರ್ರನೆ ಇಳಿಯುತ್ತದೆ. ಇದೇ ರೀತಿ ಕಾಡುವ ಮಜಾನೊ ಎಂಬ ಅನಿಮೋನ್ ಬೇರೆ: ಗಿಡ್ಡ, ದಪ್ಪ, ಎಳೆಗಳ ತುದಿ ಉಬ್ಬಿ ಗುಂಡಗೆ, ಹಸಿರು ಇಲ್ಲವೇ ಕಂದು. ಎರಡೂ ಪಕ್ಕದ ಹವಳವನ್ನು ಕುಟುಕುತ್ತವೆ, ಆದರೆ ಮದ್ದು ಪೂರ್ತಿ ಒಂದೇ ಅಲ್ಲ.

ನನ್ನ ಟ್ಯಾಂಕ್ 300 ಲೀಟರಿನದು. ಉಪ್ಪಿನಂಶ 35 ಪಿಪಿಟಿ (ಸಾವಿರಕ್ಕೆ 35 ಪಾಲು), ಆಲ್ಕಲಿನಿಟಿ (ಪಿಎಚ್ ಇಳಿಯದಂತೆ ತಡೆಯುವ ನೀರಿನ ಶಕ್ತಿ) ಡಿಕೆಎಚ್ ಎಂಬ ಅಳತೆಯಲ್ಲಿ 8, ಉಷ್ಣಾಂಶ 25.5 ಡಿಗ್ರಿ. ಮುಂದಿನ ಅಳತೆಗಳೆಲ್ಲ ಇದಕ್ಕೆ ಸಂಬಂಧಿಸಿದವು. ನಿಮ್ಮ ಟ್ಯಾಂಕಿನ ನೀರಿಗೆ ತಕ್ಕಂತೆ ಕಡಿಮೆ ಮಾಡಿಕೊಳ್ಳಿ, ಹೆಚ್ಚು ಮಾಡುವಾಗ ಎರಡು ಸಲ ಯೋಚಿಸಿ. ದಾರಿ ಆರಿಸುವುದು ಎಣಿಕೆ ನೋಡಿ. ಇಪ್ಪತ್ತರೊಳಗೆ ಇದ್ದರೆ ಸುಣ್ಣ. ಅದಕ್ಕಿಂತ ಹೆಚ್ಚಿದ್ದರೆ ತಿನ್ನುವ ಜೀವಿ ಬಿಡಬೇಕು, ಸಿರಿಂಜ್ ಹಿಡಿದು ಗೆಲ್ಲಲಾಗದು.

ಸುಣ್ಣವೆಂದರೆ ಕ್ಯಾಲ್ಸಿಯಂ ಹೈಡ್ರಾಕ್ಸೈಡ್, ರೀಫ್ (ಹವಳದ ಟ್ಯಾಂಕ್) ಇಟ್ಟವರು ಕಾಲ್ಕ್ ಎನ್ನುವ ಪುಡಿ. ಅದು ಕರಗಿದ ತಿಳಿನೀರಿನ ಪಿಎಚ್ 12.4ರ ಹತ್ತಿರ ಇರುತ್ತದೆ, ಅನಿಮೋನಿನ ಮೈ ಅದರಲ್ಲಿ ಸುಟ್ಟು ಕರಗುತ್ತದೆ. ಎಲೆ ಅಡಿಕೆಯ ಸುಣ್ಣ ಬಳಸಬೇಡಿ, ಅದರಲ್ಲಿ ಸುವಾಸನೆಯೋ ಬೇರೆ ಬೆರಕೆಯೋ ಇರಬಹುದು. ಅಕ್ವೇರಿಯಂಗೆಂದೇ ಮಾರುವ ಪುಡಿಯನ್ನು ತೆಗೆದುಕೊಂಡು ಡಬ್ಬಿಯನ್ನು ಗಟ್ಟಿಯಾಗಿ ಮುಚ್ಚಿಡಿ. ಗಾಳಿಗೆ ತೆರೆದಿಟ್ಟ ಸುಣ್ಣ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಕಾರ್ಬೊನೇಟ್ ಆಗಿಬಿಡುತ್ತದೆ. ನೋಡಲು ಹಾಗೇ ಬೆಳ್ಳಗಿದ್ದರೂ ಕೊಲ್ಲುವ ಶಕ್ತಿ ಇರುವುದಿಲ್ಲ. ಮದ್ದು ಕೆಲಸ ಮಾಡಲಿಲ್ಲ ಎಂಬ ದೂರಿಗೆ ಹಲವು ಸಲ ಇದೇ ಕಾರಣ.

5 ಗ್ರಾಂ ಪುಡಿಗೆ 10 ಮಿಲಿ ಆರ್‌ಓ ನೀರು ಹಾಕಿ ಕಲಸಿ. ತೆಳು ದೋಸೆ ಹಿಟ್ಟಿನ ಹದ ಬರಬೇಕು. ಗಂಟು ಉಳಿದರೆ ಸೂಜಿ ಕಟ್ಟಿಕೊಳ್ಳುತ್ತದೆ, ಆದ್ದರಿಂದ ತೆಳು ಬಟ್ಟೆಯಲ್ಲಿ ಹಿಂಡಿ ಸೋಸಿ. 5 ಮಿಲಿ ಸಿರಿಂಜಿಗೆ 18 ಗೇಜ್ ಸೂಜಿ ಸರಿ. ಮೆಡಿಕಲ್ ಅಂಗಡಿಯಲ್ಲಿ ಗುಲಾಬಿ ಬಣ್ಣದ ಬುಡ ಇರುವುದೇ ಅದು. ಹಸಿರು ಬುಡದ 21 ಗೇಜಿನಲ್ಲಿ ಸುಣ್ಣ ಇಳಿಯುವುದಿಲ್ಲ. ಬಲ ಹಾಕಿ ಒತ್ತಿದರೆ ಸೂಜಿ ಕಳಚಿ ಇಡೀ ಸುಣ್ಣ ಹವಳದ ಮೇಲೆ ಬೀಳುತ್ತದೆ. ಸೂಜಿಯ ಚೂಪನ್ನು ಅರದಿಂದ ಉಜ್ಜಿ ಮೊಂಡು ಮಾಡಿಕೊಳ್ಳಿ. ಕೈಗವಸು, ಕನ್ನಡಕ ಎರಡೂ ಬೇಕೇ ಬೇಕು, ಕಣ್ಣಿಗೆ ಸುಣ್ಣ ಸಿಡಿದರೆ ಗಂಭೀರ ಗಾಯವಾಗುತ್ತದೆ.

ಬೆಳಗ್ಗೆ ದೀಪ ಹತ್ತಿದ ಸ್ವಲ್ಪ ಹೊತ್ತಿಗೆ ಈ ಕೆಲಸ ಮಾಡುತ್ತೇನೆ. ರಾತ್ರಿ ಕಳೆದ ಮೇಲೆ ಟ್ಯಾಂಕಿನ ಪಿಎಚ್ ಇಡೀ ದಿನದಲ್ಲೇ ಅತಿ ಕಡಿಮೆ ಇರುತ್ತದೆ, ಸುಣ್ಣದಿಂದ ಏರುವುದಕ್ಕೆ ಜಾಗ ಇರುತ್ತದೆ. ವೇವ್‌ಮೇಕರ್ (ಅಲೆ ಎಬ್ಬಿಸುವ ಪಂಪ್), ರಿಟರ್ನ್ ಪಂಪ್ (ಕೆಳಗಿನ ತೊಟ್ಟಿಯಿಂದ ನೀರು ಮೇಲೆತ್ತುವುದು) ಎರಡನ್ನೂ ಆರಿಸಿ ಐದು ನಿಮಿಷ ಕಾಯಬೇಕು. ಮೀನಿನ ಆಹಾರವಾಗಿ ಹೆಪ್ಪುಗಟ್ಟಿಸಿ ಮಾರುವ ಮೈಸಿಸ್ ಸೀಗಡಿಯನ್ನು ಕರಗಿಸಿದ ನೀರನ್ನು ಒಂದೆರಡು ಹನಿ ಹತ್ತಿರ ಬಿಟ್ಟರೆ ಅನಿಮೋನ್ ಎಳೆ ಚಾಚಿ ಬಾಯಿ ತೆರೆಯುತ್ತದೆ. ಸೂಜಿಯನ್ನು ನೆರಳು ಬೀಳದಂತೆ ಪಕ್ಕದಿಂದ ತಂದು, ಮೈ ಮುಟ್ಟಿಸದೆ, ಬಾಯಿಯ ಮೇಲೆ ಒಂದೇ ಹನಿ ಬಿಡಿ. ಆಹಾರವೆಂದುಕೊಂಡು ಅದು ಎಳೆಗಳನ್ನು ಒಳಕ್ಕೆ ಮಡಚುತ್ತದೆ. ಆ ಗಳಿಗೆಯಲ್ಲಿ ಅರ್ಧದಿಂದ ಒಂದು ಮಿಲಿ ಸುಣ್ಣವನ್ನು ನಿಧಾನ ಬಿಟ್ಟು ಪೂರ್ತಿ ಮುಚ್ಚಬೇಕು. ಕಾಂಡಕ್ಕೆ ಚುಚ್ಚುವುದನ್ನು ನಾನು ಬಿಟ್ಟಿದ್ದೇನೆ: ಗುರಿ ತಪ್ಪುವುದು ಸುಲಭ, ಚುಚ್ಚಿದ ಕೂಡಲೇ ಅದು ಒಳಗೆ ಓಡುತ್ತದೆ, ಬುಡ ಬದುಕಿಕೊಳ್ಳುತ್ತದೆ. ಬಾಯಿಗೆ ಕೊಡುವ ಮುನ್ನವೇ ತೂತಿಗೆ ಇಳಿದುಬಿಟ್ಟರೆ ಆ ತೂತನ್ನೇ ಸುಣ್ಣದಿಂದ ತುಂಬಿಸಿ.

ಇಪ್ಪತ್ತು ನಿಮಿಷ ನೀರು ಅಲುಗಬಾರದು. ಆಮೇಲೆ ಮೇಲುಳಿದ ಬಿಳಿ ಪದರವನ್ನು ಏರ್‌ಲೈನ್ ಕೊಳವೆಯಿಂದ ಹೀರಿ ತೆಗೆದು ಪಂಪ್ ಹಾಕಿ. ಒಂದು ದಿನಕ್ಕೆ 5 ಮಿಲಿಗಿಂತ ಹೆಚ್ಚು ಸುಣ್ಣ ಬೇಡ. ಆ 5 ಮಿಲಿಯಲ್ಲಿ ಹೆಚ್ಚುಕಡಿಮೆ 2 ಗ್ರಾಂ ಪುಡಿ ಇರುತ್ತದೆ. ಪೂರ್ತಿ ಕರಗಿದರೆ 300 ಲೀಟರಿನಲ್ಲಿ ಆಲ್ಕಲಿನಿಟಿ ಅರ್ಧ ಡಿಕೆಎಚ್ ಏರುತ್ತದೆ, ಜೊತೆಗೆ ಪಿಎಚ್ ಕೂಡ. ಆ ದಿನದ ಆಲ್ಕಲಿನಿಟಿ ಡೋಸ್ ನಿಲ್ಲಿಸಿ. ಐದಾರು ಕೊಂದು ನಿಲ್ಲಿಸುವ ತಾಳ್ಮೆ ಇಲ್ಲದೆ ಒಂದೇ ದಿನ ಮೂವತ್ತಕ್ಕೆ ಕೈ ಹಾಕಿದರೆ ಮೊದಲು ನರಳುವುದು ಹವಳ. ಏಳನೇ ದಿನ ಅದೇ ಜಾಗಗಳನ್ನು ಮತ್ತೆ ನೋಡಿ. ಉಳಿದ ಬುಡದಿಂದ ಚಿಗುರಿದ ಮರಿಗಳು ಆಗ ಕಣ್ಣಿಗೆ ಬೀಳುವಷ್ಟಾಗಿರುತ್ತವೆ. ಶುರು ಮಾಡುವ ದಿನವೇ ಪ್ರತಿ ಕಲ್ಲಿನ ಫೋಟೊ ತೆಗೆದಿಟ್ಟರೆ ಜಾಗ ಹುಡುಕುವ ಕಷ್ಟವಿಲ್ಲ. ಹೀಗೆ ನಾಲ್ಕರಿಂದ ಆರು ವಾರ ಬೇಕು.

ನಿಂಬೆರಸ, ವಿನೆಗರ್ ಸಣ್ಣವನ್ನು ಕೊಲ್ಲುತ್ತವೆ, ದೊಡ್ಡವು ಹಲವು ಸಲ ಚೇತರಿಸಿಕೊಳ್ಳುತ್ತವೆ. ಗ್ಲೂ ಅಥವಾ ಎಪಾಕ್ಸಿ ಮೆತ್ತಿದರೆ ಅಂಚಿನಿಂದ ಜಾರಿ ಹೊರಬರುತ್ತದೆ. ಕಲ್ಲನ್ನು ಹೊರತೆಗೆದು ಕುದಿಸುವ ಸಲಹೆ ಯಾರು ಕೊಟ್ಟರೂ ಕೇಳಬೇಡಿ. ಜೊಯಾಂಥಿಡ್ ಎಂಬ ಹವಳದಂಥ ಜೀವಿಗಳು, ಅದರಲ್ಲೂ ಅವುಗಳಲ್ಲೊಂದಾದ ಪಾಲಿಥೋವಾ ಇರುವ ಕಲ್ಲಿನಲ್ಲಿ ಪಾಲಿಟಾಕ್ಸಿನ್ ಎಂಬ ವಿಷ ಇರಬಹುದು. ಕುದಿಸಿದಾಗ, ಬಿಸಿನೀರು ಸುರಿದಾಗ ಏಳುವ ಹಬೆಯಲ್ಲಿ ಅದು ಮನೆಯವರ ಶ್ವಾಸಕೋಶ ಸೇರುತ್ತದೆ. ಇಡೀ ಮನೆಯವರು ಆಸ್ಪತ್ರೆ ಸೇರಿದ ಪ್ರಕರಣಗಳಿವೆ.

ಎಣಿಕೆ ಹೆಚ್ಚಿದ್ದಾಗ ನನ್ನ ಮೊದಲ ಆಯ್ಕೆ ಪೆಪ್ಪರ್‌ಮಿಂಟ್ ಸೀಗಡಿ, 300 ಲೀಟರಿಗೆ ಐದು. ಕೊಳ್ಳುವಾಗ ಮೋಸ ಹೋಗಬೇಡಿ. ಪೆಪ್ಪರ್‌ಮಿಂಟಿನ ಮೈ ಪಾರದರ್ಶಕ, ಉದ್ದಕ್ಕೂ ತೆಳು ಕೆಂಪು ಗೆರೆ. ಬೆನ್ನು ಗೂನು, ಕಣ್ಣು ದೊಡ್ಡದು, ಕೆಂಪಿನ ನಡುವೆ ಬಿಳಿ ಪಟ್ಟೆ ಚುಕ್ಕಿ ಕಂಡರೆ ಅದು ಕ್ಯಾಮೆಲ್ ಸೀಗಡಿ. ಐಪ್ಟೇಸಿಯಾ ಬಿಟ್ಟು ಹವಳವನ್ನೇ ಕಿತ್ತು ತಿನ್ನಬಹುದು. ಒಂದೂವರೆ ಗಂಟೆ ಹನಿಹನಿ ನೀರು ಬಿಟ್ಟು ಒಗ್ಗಿಸಿ, ದೀಪ ಆರಿದ ಮೇಲೆ ಬಿಡಿ. ಮೀನಿಗೆ ಹಾಕುವ ಆಹಾರ ನೆಲದಲ್ಲಿ ಉಳಿಯುತ್ತಿದ್ದರೆ ಸೀಗಡಿ ಅದನ್ನೇ ತಿಂದು ಸುಮ್ಮನಿರುತ್ತದೆ. ಅವು ಸಾಮಾನ್ಯವಾಗಿ ಸಣ್ಣವನ್ನು ತಿನ್ನುತ್ತವೆ, ದೊಡ್ಡವನ್ನು ಸುಣ್ಣದಿಂದ ನಾವೇ ಮುಗಿಸಬೇಕು. ಮಜಾನೊ ಮುಟ್ಟುತ್ತವೆಂದು ನಂಬಿ ಕೊಳ್ಳಬೇಡಿ.

ಬರ್ಗಿಯಾ ಎಂಬ ಚಿಪ್ಪಿಲ್ಲದ ಸಣ್ಣ ಕಡಲ ಬಸವನಹುಳು ಐಪ್ಟೇಸಿಯಾ ಬಿಟ್ಟು ಬೇರೇನೂ ತಿನ್ನುವುದಿಲ್ಲ. ಇಷ್ಟು ನಿಖರವಾದ ಮದ್ದು ಇನ್ನೊಂದಿಲ್ಲ, ಆದರೆ ಅದನ್ನು ಸಾಯದಂತೆ ನೋಡಿಕೊಳ್ಳುವುದೇ ಕೆಲಸ. ಸಿಕ್ಸ್‌ಲೈನ್ ರಾಸ್ ಮೀನು, ಪೆಪ್ಪರ್‌ಮಿಂಟ್ ಸೀಗಡಿ, ಏಡಿಗಳು ಅದನ್ನು ತಿಂದುಹಾಕುತ್ತವೆ. ಸೀಗಡಿ, ಬರ್ಗಿಯಾ ಎರಡನ್ನೂ ಒಟ್ಟಿಗೆ ಬಿಡಬೇಡಿ. ಹತ್ತು ಹನ್ನೆರಡನ್ನು ಕತ್ತಲಲ್ಲಿ, ಪಂಪ್ ಆರಿಸಿ, ಪಿಪೆಟ್‌ನಲ್ಲಿ ಒಂದೇ ಜಾಗಕ್ಕೆ ಬಿಡಿ. ಚದುರಿಸಿದರೆ ಜೋಡಿ ಸಿಗದೆ ಮೊಟ್ಟೆ ಇಡುವುದಿಲ್ಲ. ಓವರ್‌ಫ್ಲೋ (ನೀರು ಕೆಳಗಿನ ತೊಟ್ಟಿಗೆ ಇಳಿಯುವ ಕಡೆ) ಬಾಯಿಗೆ, ವೇವ್‌ಮೇಕರಿಗೆ ಸ್ಪಂಜ್ ಕಟ್ಟಿ. ಬಿಳಿ ದಾರ ಸುರುಳಿ ಸುತ್ತಿದಂತೆ ಮೊಟ್ಟೆ ಕಂಡರೆ ಅವು ನೆಲೆ ನಿಂತಿವೆ. ಎರಡು ಮೂರು ತಿಂಗಳು ಏನೂ ಆಗುತ್ತಿಲ್ಲವೆಂದೇ ಅನ್ನಿಸುತ್ತದೆ, ಆಮೇಲೆ ಐಪ್ಟೇಸಿಯಾ ಬೇಗ ಬೇಗ ಕಾಣೆಯಾಗುತ್ತವೆ. ತಿನ್ನಲು ಏನೂ ಉಳಿಯದಾಗ ಬರ್ಗಿಯಾ ಹಸಿದು ಸಾಯುತ್ತವೆ, ಅಷ್ಟರಲ್ಲಿ ಹಿಡಿದು ಬೇರೆಯವರಿಗೆ ಕೊಡಿ. ಐಪ್ಟೇಸಿಯಾ ತಿನ್ನುತ್ತದೆಂದು ಕಾಪರ್‌ಬ್ಯಾಂಡ್ ಬಟರ್‌ಫ್ಲೈ ಮೀನನ್ನು ಈ ಗಾತ್ರದ ಟ್ಯಾಂಕಿಗೆ ತರುವುದು ತಪ್ಪು. ಬೇರೆ ಆಹಾರ ಮುಟ್ಟದೆ ಸೊರಗಿ ಸಾಯುವವೇ ಬಹಳ.

ಮಜಾನೊಗೂ ಸುಣ್ಣ ನಡೆಯುತ್ತದೆ. ಬಯಲಲ್ಲಿ ಕೂತಿದ್ದರೆ ಇನ್ನೂ ಸುಲಭದ ದಾರಿ ಇದೆ: ಜೊಯಾಂಥಿಡ್ ಇಲ್ಲದ ಕಲ್ಲಾದರೆ ಹೊರತೆಗೆದು, ಬುಡದ ಸುತ್ತ ಒಂದು ಸೆಂಟಿಮೀಟರ್ ಬಿಟ್ಟು ಉಳಿಯಿಂದ ಆ ಕಲ್ಲಿನ ಚಕ್ಕೆಯನ್ನೇ ಎಬ್ಬಿಸಿ. ಬುಡ ಚಕ್ಕೆಯ ಜೊತೆ ಇಡಿಯಾಗಿ ಬರುತ್ತದೆ.

ಹವಳ ತಂದಾಗ ಅದನ್ನು ಅಂಟಿಸಿರುವ ಪ್ಲಗ್ ಎಂಬ ಸಣ್ಣ ಬಿಲ್ಲೆಯನ್ನು ಕತ್ತರಿಸಿ ಎಸೆದು ಹೊಸದಕ್ಕೆ ಅಂಟಿಸಿ. ಹವಳವನ್ನು ಅದ್ದಿ ತೆಗೆಯುವ ಡಿಪ್ ದ್ರಾವಣಗಳನ್ನು ನಂಬಿದರೆ ಐಪ್ಟೇಸಿಯಾ ಜೊತೆಗೇ ಒಳಗೆ ಬರುತ್ತದೆ. ಆರು ವಾರ ಬೇರೆ ಟ್ಯಾಂಕಿನಲ್ಲಿ ಬೆಳಕಿನ ಕೆಳಗೆ ಇಡಿ. ಕಡಲ ದಂಡೆಯಿಂದ ಹವಳದ ಕಲ್ಲು ಎತ್ತಿ ತರಲೇಬೇಡಿ. ದಿಬ್ಬ ಕಟ್ಟುವ ಹವಳಗಳು ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರ ಒಂದನೇ ಅನುಸೂಚಿಯಲ್ಲಿವೆ.

ಟ್ಯಾಂಕ್ ಸ್ವಚ್ಛವಾಯಿತು ಅನ್ನಿಸಿದಾಗ ಓವರ್‌ಫ್ಲೋ ಡಬ್ಬಿ, ಸಂಪ್ (ಕೆಳಗಿನ ತೊಟ್ಟಿ), ಕೊಳವೆಗಳ ಒಳಗೆ ಟಾರ್ಚ್ ಹಾಕಿ ನೋಡಿ. ಬೆಳಕಿಲ್ಲದ ಕಡೆ ಐಪ್ಟೇಸಿಯಾ ತನ್ನೊಳಗಿನ ಪಾಚಿ ಕಳೆದುಕೊಂಡು ಬೆಳ್ಳಗಾಗುತ್ತದೆ, ಹರಿದು ಬರುವ ಆಹಾರ ತಿಂದುಕೊಂಡು ಬದುಕುತ್ತಲೇ ಇರುತ್ತದೆ, ಕಂದು ಬಣ್ಣ ಹುಡುಕುವ ಕಣ್ಣಿಗೆ ಸಿಕ್ಕುವುದಿಲ್ಲ. ಸೀಗಡಿ ಅಲ್ಲಿಗೆ ಹೋಗುವುದೂ ಇಲ್ಲ. ಕಳಚಲು ಬರುವ ಕೊಳವೆ, ಪಂಪುಗಳನ್ನು ಬಿಚ್ಚಿ ಒಂದು ರಾತ್ರಿ ವಿನೆಗರಿನಲ್ಲಿ ನೆನೆಸಿ, ಸಿಹಿನೀರಿನಲ್ಲಿ ತೊಳೆದು, ಒಣಗಿಸಿ ಮತ್ತೆ ಜೋಡಿಸಿ.