ಕಾನೆಯೊಹೆ ಕೊಲ್ಲಿಯ ಹೂಳು, ಕಳೆ, ಹವಳ: ನನ್ನ ಅನುಭವ

ಹವಾಯಿಯ ಓವಾಹು ದ್ವೀಪದ ಪೂರ್ವ ಕರಾವಳಿಯಲ್ಲಿ ಕಾನೆಯೊಹೆ ಎಂಬ ವಿಶಾಲವಾದ ಕೊಲ್ಲಿಯಿದೆ. ಅದರೊಳಗಿನ ಮೊಕು ಓ ಲೋಯೆ ಎಂಬ ಪುಟ್ಟ ದ್ವೀಪದಲ್ಲಿ ಹವಾಯಿ ವಿಶ್ವವಿದ್ಯಾಲಯದ ಸಾಗರ ಜೀವವಿಜ್ಞಾನ ಸಂಸ್ಥೆ ಕೆಲಸ ಮಾಡುತ್ತದೆ. ಇಲ್ಲಿನ ಸಂರಕ್ಷಣಾ ಕಾರ್ಯದಲ್ಲಿ ನಾನು ಕೆಲವು ವರ್ಷಗಳಿಂದ ಭಾಗಿಯಾಗಿದ್ದೇನೆ. ಹವಳದ ಕೆಲಸವೆಂದರೆ ನೀರಿಗಿಳಿಯುವ ಕೆಲಸ ಎಂದು ಎಣಿಸಿಯೇ ನಾನು ಇಲ್ಲಿಗೆ ಬಂದೆ. ಆದರೆ ಮೊದಲು ಕಳುಹಿಸಿದ್ದು ಈ ಕೊಲ್ಲಿಗೆ ಸೇರುವ ಹೇಯೇಯಾ ಹಳ್ಳದ ದಡಕ್ಕೆ, ಕಾಂಡ್ಲಾ (ಮ್ಯಾಂಗ್ರೋವ್) ಸಸಿಗಳನ್ನು ಕೀಳಲು.

ನಾನು ಕುಮಟಾ ಕಡೆಯವನು. ಅಘನಾಶಿನಿಯ ಅಳಿವೆಯಲ್ಲಿ ಕಾಂಡ್ಲಾ ನೆಡುವುದೇ ಪುಣ್ಯದ ಕೆಲಸವೆಂದು ತಿಳಿದು ಬೆಳೆದವನಿಗೆ ಅದನ್ನು ಬೇರುಸಹಿತ ಕೀಳಲು ಕೈ ಬಾರದಿದ್ದುದು ಸಹಜ. ಆದರೆ ಹವಾಯಿಯಲ್ಲಿ ಕಾಂಡ್ಲಾ ಎಂದೂ ಇರಲಿಲ್ಲ. ಕಬ್ಬಿನ ತೋಟ ಮತ್ತು ಜಾನುವಾರುಗಳಿಂದ ಸಡಿಲವಾಗಿ ಕೊಚ್ಚಿಬರುತ್ತಿದ್ದ ಮಣ್ಣನ್ನು ತಡೆಯಲೆಂದು 1902ರಲ್ಲಿ ಮೊಲೊಕಾಯಿ ದ್ವೀಪದಲ್ಲಿ ಅಮೆರಿಕ ಮೂಲದ ಕೆಂಪು ಕಾಂಡ್ಲಾವನ್ನು ನೆಟ್ಟರು. ಅನಂತರ ಅದು ಓವಾಹುವಿಗೂ ಬಂದಿತು. ಅದರ ಬೇರುಗಳು ಹಳ್ಳದ ಬಾಯನ್ನೇ ಕಟ್ಟಿ ನೀರಿನ ಹರಿವನ್ನು ನಿಧಾನಗೊಳಿಸಿದವು. ಸ್ಥಳೀಯ ಮೆಟ್ಟುಗಾಲು ಹಕ್ಕಿಗಳು ಮೇಯುವ ಬಯಲು ಕೆಸರುಭೂಮಿಯನ್ನೂ, ಪೂರ್ವಿಕ ಹವಾಯಿಯನ್ನರು ಶತಮಾನಗಳ ಹಿಂದೆ ಕಟ್ಟಿದ, ಸುಮಾರು 88 ಎಕರೆ ವಿಸ್ತಾರದ ಹೇಯೇಯಾ ಮೀನುಕೊಳದ ಕಲ್ಲಿನ ಗೋಡೆಯನ್ನೂ ಅವು ನುಂಗಿಹಾಕಿದವು. ಒಂದೇ ಕುಲದ ಗಿಡ ಒಂದು ತೀರದಲ್ಲಿ ಆಸರೆಯಾಗಿ, ಇನ್ನೊಂದು ತೀರದಲ್ಲಿ ಆಕ್ರಮಣಕಾರಿಯಾಗಿರುವುದನ್ನು ಕಣ್ಣಾರೆ ಕಂಡ ಮೇಲೆ, ಯಾವುದೇ ಗಿಡದ ಬಗ್ಗೆ ಸ್ಥಳವನ್ನು ಬಿಟ್ಟು ತೀರ್ಪು ಕೊಡುವುದನ್ನು ನಾನು ನಿಲ್ಲಿಸಿದ್ದೇನೆ.

ಬೆಳೆದ ಮರಗಳನ್ನು ಯಂತ್ರದ ಗರಗಸದಿಂದ ಕೊಯ್ಯುತ್ತೇವೆ. ಈ ಜಾತಿ ಕೊಯ್ದ ಬುಡದಿಂದ ಸಾಮಾನ್ಯವಾಗಿ ಚಿಗುರುವುದಿಲ್ಲವಾದ್ದರಿಂದ ವಿಷ ಹಾಕುವ ಅಗತ್ಯ ಬೀಳುವುದಿಲ್ಲ. ಆದರೆ ಉದ್ದನೆಯ ಕೋಡಿನಂಥ ಅದರ ಸಸಿಗಳು ಭರತದ ನೀರಿನಲ್ಲಿ ತೇಲಿ ಬಂದು ಮತ್ತೆ ಮತ್ತೆ ನಾಟಿಕೊಳ್ಳುತ್ತವೆ; ಆದ್ದರಿಂದ ಕೊಯ್ಯುವುದು ಒಂದು ಸಲದ ಕೆಲಸವಾದರೆ ಸಸಿ ಕೀಳುವುದು ಮುಗಿಯದ ಕೆಲಸ. ತೆರವಾದ ಜಾಗದಲ್ಲಿ ಸ್ಥಳೀಯ ಜೇಕು ಜಾತಿಯ ಹುಲ್ಲುಗಳು ಬೇರೂರಬೇಕು. ಹಳ್ಳದ ಮೇಲ್ಭಾಗದಲ್ಲಿ ಊರಿನ ಸಂಘಟನೆಗಳು ಕೆಸುವಿನ ಗದ್ದೆಗಳನ್ನು ಮತ್ತೆ ಕಟ್ಟುತ್ತಿವೆ. ಮಳೆನೀರು ಈ ಗದ್ದೆಗಳಲ್ಲಿ ಹರಡಿ ನಿಂತು, ಹೂಳನ್ನು ಅಲ್ಲಿಯೇ ಇಳಿಸಿ ಮುಂದೆ ಸಾಗುತ್ತದೆ. ಮೀನುಕೊಳದ ಗೋಡೆಯ ತೂಬುಗಳಂತೂ ನಮ್ಮ ಕಡೆಯ ಗಜನಿ (ಉಪ್ಪುನೀರಿನ ಗದ್ದೆ) ಕಟ್ಟೆಯ ತೂಬುಗಳನ್ನೇ ಹೋಲುತ್ತವೆ. ಮರಿಮೀನು ಒಳಬರುತ್ತದೆ, ಬಲಿತದ್ದು ಹೊರಹೋಗಲಾರದು. ಬೆಟ್ಟದಿಂದ ಹವಳದವರೆಗೆ ಎಲ್ಲವನ್ನೂ ಒಂದೇ ಘಟಕವಾಗಿ ನೋಡುವ ಹವಾಯಿಯನ್ನರ ಹಳೆಯ ಕ್ರಮವನ್ನು ಆಧರಿಸಿಯೇ 2017ರಲ್ಲಿ 1,385 ಎಕರೆಯ ಹೇಯೇಯಾ ರಾಷ್ಟ್ರೀಯ ಅಳಿವೆ ಸಂಶೋಧನಾ ಮೀಸಲು ಪ್ರದೇಶ ರೂಪುಗೊಂಡಿತು. ನಮ್ಮ ಸಂಸ್ಥೆ ಅದರ ನಿರ್ವಹಣೆ ಮಾಡುತ್ತದೆ.

ಕೊಲ್ಲಿಯ ಒಳಗಿನ ಕಥೆ ಇನ್ನೂ ಜಟಿಲವಾದದ್ದು. 1970ರ ದಶಕದ ಕೊನೆಯವರೆಗೆ ಪಟ್ಟಣದ ಚರಂಡಿ ನೀರು ನೇರವಾಗಿ ಕೊಲ್ಲಿಗೇ ಸೇರುತ್ತಿತ್ತು. ಅದೇ ದಶಕದಲ್ಲಿ, ಐಸ್‌ಕ್ರೀಮಿನಂಥ ಆಹಾರಗಳನ್ನು ಗಟ್ಟಿಗೊಳಿಸಲು ಬಳಸುವ ಕ್ಯಾರಜೀನನ್ ಎಂಬ ಪದಾರ್ಥಕ್ಕಾಗಿ ಕಪ್ಪಾಫೈಕಸ್ ಎಂಬ ಕಡಲಕಳೆಯನ್ನು ವಿಶ್ವವಿದ್ಯಾಲಯದ ವಿಜ್ಞಾನಿಗಳೇ ಪ್ರಯೋಗಾರ್ಥವಾಗಿ ಇಲ್ಲಿಗೆ ತಂದರು. ಅದು ಬೇಲಿ ದಾಟಿತು. ದಪ್ಪ ಚಾಪೆಯಾಗಿ ಹವಳವನ್ನು ಮುಚ್ಚಿ, ಬೆಳಕನ್ನು ತಡೆದು, ಕೆಳಗಿನ ಜೀವವನ್ನು ಸಾಯಿಸತೊಡಗಿತು. ಇದೇ ಕಡಲಕಳೆ ತಮಿಳುನಾಡಿನ ಮನ್ನಾರ್ ಖಾರಿಯ ಕುರುಸಡೈ ದ್ವೀಪದ ಹವಳದ ಮೇಲೆ ಹಬ್ಬಿದ್ದು 2008ರಲ್ಲಿ ವರದಿಯಾಗಿದೆ. ನಮ್ಮ ಕರಾವಳಿಯಲ್ಲಿಯೂ ಕಡಲಕಳೆ ಕೃಷಿಗೆ ಉತ್ತೇಜನ ದೊರೆಯುತ್ತಿರುವ ಈ ಹೊತ್ತಿನಲ್ಲಿ, ಬೆಳೆಯುವ ಜಾತಿ ಸ್ಥಳೀಯವೇ ಎಂಬುದನ್ನು ಮೊದಲೇ ಕೇಳಬೇಕೆಂದು ನಾನು ಒತ್ತಾಯಿಸಿ ಹೇಳುತ್ತೇನೆ, ಏಕೆಂದರೆ ಇದನ್ನು ಹಿಂತೆಗೆಯುವ ಶ್ರಮ ಎಂಥದ್ದೆಂದು ನನ್ನ ತೋಳುಗಳಿಗೆ ಗೊತ್ತಿದೆ.

ತೆಗೆಯುವ ವಿಧಾನ ಹೀಗಿದೆ. ತೆಪ್ಪದ ಮೇಲೆ ದೊಡ್ಡ ಪಂಪು ಇರುತ್ತದೆ. ಅದರಿಂದ ದಪ್ಪನೆಯ ಕೊಳವೆ ನೀರಿಗಿಳಿಯುತ್ತದೆ. ಮುಳುಗುಗಾರರು ಕಳೆಯನ್ನು ಹವಳದ ಕೊಂಬೆಗಳ ಸಂದಿಯಿಂದ ಕೈಯಲ್ಲೇ ಬಿಡಿಸಿ ಕೊಳವೆಯ ಬಾಯಿಗೆ ಒಡ್ಡಬೇಕು. ಕೊಳವೆಯನ್ನು ನೇರವಾಗಿ ಹವಳಕ್ಕೆ ಹಿಡಿಯುವಂತಿಲ್ಲ. ಒಂದು ತುಣುಕು ಉಳಿದರೂ ಅದು ಮತ್ತೆ ಬೆಳೆಯುವುದರಿಂದ ಇಲ್ಲಿ ವೇಗಕ್ಕಿಂತ ತಾಳ್ಮೆ ಮುಖ್ಯ. ಮೇಲೆ ಬಂದದ್ದನ್ನು ಜಾಲರಿಯ ಮೇಜಿನ ಮೇಲೆ ಹರಡಿ, ಅದರಲ್ಲಿ ಸಿಕ್ಕಿಬಂದ ಏಡಿ, ಮರಿಮೀನು, ಸ್ಥಳೀಯ ಪಾಚಿಗಳನ್ನು ಹೆಕ್ಕಿ ಕೂಡಲೇ ನೀರಿಗೆ ಬಿಡುತ್ತೇವೆ. ಉಳಿದ ಕಳೆ ಚೀಲ ತುಂಬಿ ರೈತರ ಹೊಲಕ್ಕೆ ಗೊಬ್ಬರವಾಗಿ ಹೋಗುತ್ತದೆ. ಮೇಜಿನ ಬಳಿಯ ಕೆಲಸವನ್ನು ಹೊಸಬರು ಹಗುರವಾಗಿ ಕಾಣುತ್ತಾರೆ, ಆದರೆ ಯಾವುದು ಹೊರಗಿನದು, ಯಾವುದು ಇಲ್ಲಿನದು ಎಂದು ಬೆರಳಿಗೆ ಗುರುತು ಹತ್ತುವುದು ಅಲ್ಲಿಯೇ.

ಕಳೆ ತೆಗೆದು ಸುಮ್ಮನಾದರೆ ಕೆಲವೇ ತಿಂಗಳಲ್ಲಿ ಅದು ಮರಳುತ್ತದೆ. ಆದ್ದರಿಂದ ಮೇಯುವವರನ್ನು ಬಿಡಬೇಕು. ಅದಕ್ಕಾಗಿ ಆರಿಸಿಕೊಂಡದ್ದು ಹವಾಯಿಯಲ್ಲೇ ಇರುವ, ಮೈತುಂಬ ಗಿಡ್ಡ ಮುಳ್ಳುಗಳುಳ್ಳ, ಚಿಪ್ಪುಚೂರುಗಳನ್ನು ಬೆನ್ನಿಗೆ ಹೊತ್ತು ತಿರುಗುವ ಒಂದು ಜಾತಿಯ ಸೀ ಅರ್ಚಿನ್ ಎಂಬ ದುಂಡನೆಯ ಕಡಲಜೀವಿ. ರಾಜ್ಯ ಸರ್ಕಾರದ ಮರಿ ಉತ್ಪಾದನಾ ಕೇಂದ್ರದಲ್ಲಿ ಇವುಗಳನ್ನು ಬೆಳೆಸುತ್ತಾರೆ. ಲಾರ್ವಾಗಳಿಗೆ ವಾರಗಳ ಕಾಲ ಡಯಾಟಮ್ ಎಂಬ ಸೂಕ್ಷ್ಮ ಪಾಚಿಯನ್ನು ಉಣಿಸಿ, ಲೋಳೆಪಾಚಿ ಹಿಡಿದ ಹಲಗೆಗಳ ಮೇಲೆ ನೆಲೆಗೊಳಿಸಿ, ಸುಮಾರು ಒಂದೂವರೆ ಸೆಂಟಿಮೀಟರ್ ಗಾತ್ರಕ್ಕೆ ಬಂದಾಗ ಕೊಲ್ಲಿಗೆ ತರುತ್ತಾರೆ. ನಾವು ಅವನ್ನು ಹವಳದ ಸಂದುಗಳಲ್ಲಿ ಕೈಯಿಂದಲೇ ಇಡುತ್ತೇವೆ. ಕೊಲ್ಲಿಯ ಹವಳದಿಬ್ಬಗಳು ಬಿಡಿಬಿಡಿಯಾಗಿದ್ದು ನಡುವೆ ಆಳವಾದ ಕೆಸರಿನ ತಳ ಇರುವುದರಿಂದ ಅವು ಇಟ್ಟ ದಿಬ್ಬದಲ್ಲೇ ಬಹುಪಾಲು ಉಳಿಯುತ್ತವೆ. ಕೈಯಿಂದ ಕಳೆ ತೆಗೆದು ಸೀ ಅರ್ಚಿನ್ ಬಿಟ್ಟ ದಿಬ್ಬಗಳಲ್ಲಿ ಎರಡು ವರ್ಷಗಳಲ್ಲಿ ಹೊರಗಿನ ಕಳೆ ಶೇ. 85ರಷ್ಟು ಕಡಿಮೆಯಾದುದನ್ನು 2018ರಲ್ಲಿ ಪ್ರಕಟವಾದ ಅಧ್ಯಯನ ದಾಖಲಿಸಿದೆ. ಯಂತ್ರ ಎಷ್ಟೇ ದೊಡ್ಡದಿರಲಿ, ಸ್ಥಳೀಯ ಜೀವಿಯನ್ನು ಕಾವಲಿಗೆ ನಿಲ್ಲಿಸದ ಹೊರತು ಖರ್ಚು ವ್ಯರ್ಥ ಎಂಬ ನನ್ನ ನಂಬಿಕೆ ಇಲ್ಲಿಂದಲೇ ಗಟ್ಟಿಯಾದದ್ದು.

ಇಷ್ಟೆಲ್ಲ ಮಾಡಿದರೂ ನೀರು ಕಾದರೆ, ಹವಳ ತನ್ನೊಳಗಿದ್ದು ಆಹಾರ ಒದಗಿಸುವ ಸೂಕ್ಷ್ಮ ಪಾಚಿಯನ್ನು ಕಳೆದುಕೊಂಡು ಬಿಳಿಚಿಕೊಳ್ಳುತ್ತದೆ. 2014 ಮತ್ತು 2015ರಲ್ಲಿ ಸತತವಾಗಿ ಹಾಗಾಯಿತು. ಆಗ ಒಂದು ಹವಳ ಪೂರ್ತಿ ಬೆಳ್ಳಗಾಗಿದ್ದರೆ ಪಕ್ಕದಲ್ಲೇ ಇದ್ದ ಅದೇ ಜಾತಿಯ ಇನ್ನೊಂದು ಕಂದುಬಣ್ಣ ಉಳಿಸಿಕೊಂಡಿತ್ತು. 2018ರಲ್ಲಿ ತೀರಿಕೊಂಡ ನಮ್ಮ ಸಂಸ್ಥೆಯ ನಿರ್ದೇಶಕಿ ರೂತ್ ಗೇಟ್ಸ್, ಶಾಖ ತಡೆಯಬಲ್ಲ ಹವಳಗಳನ್ನು ಆರಿಸಿ ಸಂಕರಗೊಳಿಸುವ ಸಂಶೋಧನೆಗೆ ತಮ್ಮನ್ನು ತೆತ್ತುಕೊಂಡಿದ್ದರು. ಆ ಕೆಲಸ ಇಂದಿಗೂ ನಡೆಯುತ್ತಿದೆ. ಮೊಂಟಿಪೊರಾ ಕ್ಯಾಪಿಟಾಟಾ ಎಂಬ ಹವಳ ಬೇಸಿಗೆಯ ಅಮಾವಾಸ್ಯೆಯ ಆಸುಪಾಸಿನ ರಾತ್ರಿಗಳಲ್ಲಿ, ಒಂಬತ್ತು ಗಂಟೆಯ ಹೊತ್ತಿಗೆ, ಅಂಡ ಮತ್ತು ವೀರ್ಯ ಒಂದಾಗಿರುವ ಸಣ್ಣ ಉಂಡೆಗಳನ್ನು ಬಿಡುತ್ತದೆ. ಅವು ನೀರಿನ ಮೇಲಕ್ಕೆ ತೇಲಿ ಬಂದ ಕೂಡಲೇ ಸಂಗ್ರಹಿಸಿ, ಬೇರೆ ಬೇರೆ ತಾಯಿಹವಳಗಳ ಉಂಡೆಗಳನ್ನು ಬೆರೆಸುತ್ತೇವೆ, ಏಕೆಂದರೆ ತನ್ನದೇ ವೀರ್ಯದಿಂದ ಅದು ಫಲಗೊಳ್ಳುವುದು ಅಪರೂಪ. ಈ ಜಾತಿಯ ಅಂಡದಲ್ಲಿ ತಾಯಿಯ ಒಳಗಿನ ಆ ಸೂಕ್ಷ್ಮ ಪಾಚಿ ಮೊದಲೇ ಸೇರಿರುತ್ತದೆ. ಆದ್ದರಿಂದ ತಾಯಿಯ ಆಯ್ಕೆಗೆ ದುಪ್ಪಟ್ಟು ಮಹತ್ವವಿದೆ. ಬೆಳಕು ಚೆಲ್ಲಿದರೆ ಹವಳದ ಲಯ ಕೆಡುವ ಅಪಾಯವಿರುವುದರಿಂದ ಕೆಂಪು ದೀಪಗಳನ್ನಷ್ಟೇ ಬಳಸುತ್ತೇವೆ.

ಈ ಸಂಶೋಧನೆಯನ್ನು ಗೌರವಿಸುತ್ತಲೇ ನಾನು ತಂಡದ ಸಭೆಗಳಲ್ಲಿ ಒಂದು ಮಾತನ್ನು ಬಿಡದೆ ಹೇಳುತ್ತೇನೆ: ಗಟ್ಟಿಯಾದ ಹವಳವನ್ನು ತೊಟ್ಟಿಯಲ್ಲಿ ಬೆಳೆಸಿ ಹೂಳು ತುಂಬಿದ ದಿಬ್ಬದ ಮೇಲೆ ನೆಟ್ಟರೆ ಅದು ಶಾಖಕ್ಕೆ ಉಳಿದರೂ ಮಣ್ಣಿಗೆ ಸಾಯುತ್ತದೆ. ಹಾಗಾಗಿ ಹವಳ ನೆಡುವ ಜಾಗವನ್ನು ಗೊತ್ತುಮಾಡುವ ಮುನ್ನ ಹಳ್ಳದ ನೀರಿನ ಕದಡನ್ನು ಮಳೆಗಾಲದುದ್ದಕ್ಕೂ ಅಳೆಯಬೇಕು, ಕಳೆಯ ಪ್ರಮಾಣವನ್ನು ಗುರುತು ಮಾಡಿದ ಚೌಕಗಳಲ್ಲಿ ದಾಖಲಿಸಬೇಕು. ಅಳತೆಯ ಈ ಕೆಲಸಕ್ಕೆ ಯೋಜನೆಗಳ ಹಣ ಸಾಮಾನ್ಯವಾಗಿ ಕೊನೆಯಲ್ಲಿ ಬರುತ್ತದೆ. ಅದು ಮೊದಲು ಬರಬೇಕೆಂದು ನಮ್ಮ ಮುಂದಿನ ಪ್ರಸ್ತಾವನೆಯಲ್ಲಿ ಬರೆದಿದ್ದೇವೆ.